ಗೌಂಡಿ ಬಾಯಿ ಬಿಟ್ಟ ಕಥೆ

ನನ್ನ ಕೆಲಸ ಜನರ ಸಂಕಟ ಕೇಳುವುದು. ಕೇಳುತ್ತಾ ಕೇಳುತ್ತಾ ನಗು ಬಂದರೂ ತುಟಿ ಕಚ್ಚಿಕೊಳ್ಳಬೇಕು, ಅಳು ಬಂದರೂ ಕಚ್ಚಿಕೊಳ್ಳಬೇಕು. ಮಲಾಡಿನ ಗಲ್ಲಿಗೆ ಹೋಗಲು ಶುರು ಮಾಡಿದ ಮೇಲಂತೂ ನನ್ನ ತುಟಿಗೆ ಪುರುಸೊತ್ತೇ ಇಲ್ಲ.

ನಾನು ಮೈಸೂರಿನವಳು. ಮದುವೆಯಾಗಿ ಮುಂಬಯಿಗೆ ಬಂದು, ಬಹಳ ಕಾಲ ಫೋರ್ಟಿನ ಒಂದು ಕ್ಲಿನಿಕ್ಕಿನಲ್ಲಿ ಕೌನ್ಸೆಲರ್ ಆಗಿದ್ದೆ. ಅಲ್ಲಿಗೆ ಬರುವವರು ಬ್ಯಾಂಕಿನವರು, ವಕೀಲರು. ಒಬ್ಬರ ಮುಖ ಇನ್ನೊಬ್ಬರು ನೋಡದ ಹಾಗೆ ಒಂದು ಬಾಗಿಲಿಂದ ಬಂದು ಇನ್ನೊಂದು ಬಾಗಿಲಿಂದ ಹೋಗುತ್ತಿದ್ದರು. ಈಗ ಗುರುವಾರ ಗುರುವಾರ ಮಲಾಡಿನ ಒಂದು ಗಲ್ಲಿಗೆ ಹೋಗುತ್ತೇನೆ. ಅಲ್ಲಿರುವವರೆಲ್ಲ ವಿಜಯಪುರದ ಕಡೆಯ ಒಂದೇ ಹಳ್ಳಿಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರು. ಊರನ್ನೇ ಬುಡಸಮೇತ ಕಿತ್ತು ತಂದು ನೆಟ್ಟ ಹಾಗಿದೆ. ಯಾರ ಮನೆಯ ಬೇಳೆ ಸೀದಿತು ಅನ್ನುವುದು ಬೇಳೆ ಇಟ್ಟವಳಿಗಿಂತ ಮೊದಲು ಪಕ್ಕದವಳಿಗೆ ಗೊತ್ತಾಗುತ್ತದೆ. ಇಂಥ ಹಳ್ಳಿ ಮಂದಿಯ ನಡುವೆ ಮನಸ್ಸಿನ ಚಿಕಿತ್ಸೆ ಅಂದರೆ ಹೇಗಿರುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಕುರ್ಚಿ ಜಾಸ್ತಿ ಹಾಕಿಸಿಟ್ಟುಕೊಳ್ಳಿ.

ನನ್ನನ್ನು ಅಲ್ಲಿಗೆ ಕರೆಸಿದ್ದು ಒಬ್ಬ ಗೌಂಡಿಗಾಗಿ. ಮೂವತ್ತರ ಆಸುಪಾಸಿನ ಆಳು, ಗೋಡೆ ಕಟ್ಟುವುದರಲ್ಲಿ ಎತ್ತಿದ ಕೈ. ಅವನ ಜೀವದ ಗೆಳೆಯನೊಬ್ಬ ಪರಾಂಚಿಯಿಂದ, ಅಂದರೆ ಕಟ್ಟಡದ ಸುತ್ತ ಕಟ್ಟುವ ಅಟ್ಟಣಿಗೆಯಿಂದ, ಬಿದ್ದು ಎರಡೂ ಕಾಲು ಮುರಿದುಕೊಂಡ. ಗೆಳೆಯನನ್ನು ಊರಿಗೆ ಕರೆದುಕೊಂಡು ಹೋದರು. ಅವತ್ತಿನಿಂದ ಈ ಗೌಂಡಿಗೆ ಮಾತು ನಿಂತಿತು. ಊಟ ಇಟ್ಟರೆ ತಟ್ಟೆ ನೋಡುತ್ತಾ ಕೂರುತ್ತಾನೆ. ಒಂದೇ ಒಂದು ಸಲ ಹೆಂಡತಿಗೆ, "ನಾ ಇದ್ದರೆಷ್ಟು, ಹೋದರೆಷ್ಟು" ಅಂದನಂತೆ.

"ಅವತ್ತಿನಿಂದ ಅವರ ಅಂಗಿ ತುದೀಗೆ ನನ್ನ ಸೆರಗು ಗಂಟು ಹಾಕ್ಕೊಂಡು ಮಲಗ್ತೀನ್ರಿ ಬಾಯಾರ" ಅಂದಳು ಹೆಂಡತಿ. "ಎದ್ದು ಹೋದ್ರ ನಂಗ ಎಚ್ಚರ ಆಗಬೇಕಲ್ರಿ."



ಸೂಜಿ ಇಲ್ಲದ ಡಾಕ್ಟರು

ಮೊದಲ ದಿನ ಒಂದು ತಗಡಿನ ಕೋಣೆ ಗುಡಿಸಿ ಕೊಟ್ಟರು. ಗೌಂಡಿಯನ್ನು ತಂದು ಕೂರಿಸಿದರು. ಅವನ ಜೊತೆ ಅವನ ದೊಡ್ಡಮ್ಮ ಬಂದಳು. ಗಲ್ಲಿಯವರೆಲ್ಲ ಅವಳನ್ನು ಆಯಿ ಅನ್ನುತ್ತಾರೆ. ಆಯಿ ಹೇಳದೆ ಆ ಗಲ್ಲಿಯಲ್ಲಿ ಹುಲ್ಲುಕಡ್ಡಿ ಅಲುಗುವುದಿಲ್ಲ. ಬಂದವಳೇ ನನ್ನ ಬ್ಯಾಗಿನೊಳಗೆ ಇಣುಕಿದಳು. ನೀರಿನ ಬಾಟಲಿ, ಕನ್ನಡಕದ ಡಬ್ಬಿ, ಕಣ್ಣೊರೆಸುವ ಕಾಗದ. ಅವಳ ಮುಖ ಸಪ್ಪಗಾಯಿತು.

"ಸೂಜಿ ಎಲ್ಲೈತ್ರಿ ಬಾಯಾರ?"

"ಸೂಜಿ ಇಲ್ಲ ಆಯಿ."

"ಗುಳಿಗಿ?"

"ಗುಳಿಗೆ ಆಸ್ಪತ್ರೆ ಡಾಕ್ಟರು ಕೊಟ್ಟಿದ್ದಾರಲ್ಲ, ಅದನ್ನ ತಪ್ಪಿಸಬೇಡಿ. ನನ್ನ ಹತ್ತಿರ ಇರೋದು ಬರೀ ಮಾತು."

"ಮಾತು ನೀವು ಆಡ್ತೀರೋ, ಅಂವ ಆಡಬೇಕೋ?"

ನಾನು ಕ್ಲಿನಿಕ್ಕಿನ ದನಿಯಲ್ಲಿ, ಬಲು ಮೃದುವಾಗಿ, "ಅವರೇ ಆಡಬೇಕು. ನಾನು ಕೇಳ್ತೀನಿ" ಅಂದೆ.

ಆಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಪಕ್ಕದವಳ ಕಡೆ ತಿರುಗಿ, "ಅಂವ ಮಾತಾಡವಲ್ಲ ಅಂತನ ಈ ಬಾಯಾರನ್ನ ಕರಿಸೇವಿ. ಅಂವ ಮಾತಾಡೂವಂಗಿದ್ರ ಇವರ್ಯಾಕ ಬೇಕಿತ್ತು?" ಅಂದಳು.



ಹೊರಗೆ ಯಾರೂ ಇಲ್ಲ

ಅವರ ಊರ ಕಡೆ ಒಂದು ರೂಢಿ. ನೋವಿನಲ್ಲಿರುವವರನ್ನು ಒಬ್ಬರನ್ನೇ ಬಿಡಬಾರದು. ಜ್ವರ ಬಂದರೂ, ಸಾವಾದರೂ, ಮಂದಿ ಬಂದು ಸುತ್ತ ಕೂರುತ್ತಾರೆ. ಮಾತಾಡಿಸಲೇಬೇಕು ಅಂತಿಲ್ಲ, ಕೂತರೆ ಸಾಕು. ಎರಡನೆಯ ಗುರುವಾರ ನಾನು ಹೋದಾಗ ಗೌಂಡಿಯ ಸುತ್ತ ಅರ್ಧ ಗಲ್ಲಿ ಕೂತಿತ್ತು. ಉಳಿದರ್ಧ ಕಿಟಕಿಯಲ್ಲಿತ್ತು.

ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಹೀಗಿದ್ದರೆ ಅವನು ಬಾಯಿ ಬಿಡುವುದು ಯಾವಾಗ? ಎದ್ದು ನಿಂತು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ನೋಡ್ರಪ್ಪಾ, ಇದಕ್ಕೊಂದು ಧರ್ಮ ಇದೆ, ಈ ಕೋಣೆಯೊಳಗೆ ಆಡಿದ ಮಾತು ಹೊರಗೆ ಹೋಗಕೂಡದು, ಹೊರಗಿನವರ ಕಿವಿಗೆ ಬಿದ್ದರೆ ಇವರ ಮನಸ್ಸು ಇನ್ನಷ್ಟು ಮುದುಡಿಕೊಳ್ಳುತ್ತದೆ ಅಂತ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆಯಿಯಂತೂ, "ಖರೇ ಐತಿ, ಖರೇ ಐತಿ" ಅಂದಳು. ಪರವಾಗಿಲ್ಲ, ತಿಳಿವಳಿಕೆ ಇರುವ ಜನ ಅಂದುಕೊಂಡು ಮನೆಗೆ ಬಂದೆ.

ಮುಂದಿನ ಗುರುವಾರ ಗಲ್ಲಿಯಲ್ಲಿ ನರಪಿಳ್ಳೆ ಇಲ್ಲ. ನನಗೆ ಖುಷಿಯೋ ಖುಷಿ. ಕೋಣೆಯ ಬಾಗಿಲು ತಳ್ಳಿದರೆ, ಅಯ್ಯೋ ರಾಮ, ಇಡೀ ಗಲ್ಲಿ ಒಳಗಿದೆ! ಕಿಟಕಿಯವರೂ ಒಳಗೆ. ಹಾಲು ಕುಡಿಯುವ ಕೂಸೂ ಒಳಗೆ. ಒಂದು ಮೇಕೆ ಕೂಡ ಇತ್ತು. ನಾನು ಒಳಗೆ ಕಾಲಿಟ್ಟ ಕೂಡಲೇ ಆಯಿ ಬಾಗಿಲು ಹಾಕಿ ಚಿಲಕ ಜಡಿದಳು.

"ಏನಾಯಿ ಇದು?"

"ಮಾತು ಹೊರಗಿನವರ ಕಿವೀಗಿ ಬೀಳಬಾರದು ಅಂದ್ರಲ್ರಿ. ಈಗ ಹೊರಗ ಯಾರೂ ಇಲ್ರಿ. ಎಲ್ಲಾರೂ ಒಳಗ ಬಂದೀವಿ."

ಬೈಯಬೇಕು ಅಂತ ಬಾಯಿ ತೆರೆದವಳು ಗೌಂಡಿಯ ಕಡೆ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ತುಟಿ ಅಲುಗಿತು. ಬಾಯಿ ತುಸು ತೆರೆಯಿತು. ಗಲ್ಲಿಗೆ ಗಲ್ಲಿಯೇ ಮುಂದಕ್ಕೆ ಬಾಗಿತು. ಅಷ್ಟು ಮುಖಗಳನ್ನು ಒಟ್ಟಿಗೆ ಕಂಡವನೇ ಅವನು ಬಾಯಿ ಮುಚ್ಚಿಕೊಂಡ. ಅವನಿಗೆ ಹೇಳಲು ಏನೋ ಇದೆ, ಇವರ ಮುಂದೆ ಹೇಳಲಾರ ಅನ್ನುವುದು ನನಗೆ ಅವತ್ತು ಖಂಡಿತವಾಯಿತು. ಹೆಂಡತಿಯ ಕಣ್ಣಲ್ಲಿ ನೀರು.

ಆಯಿ ಮಾತ್ರ ಹಿಂದಕ್ಕೆ ಒರಗಿ, "ಬಿಡ್ರಿ, ಆಕಳಿಸಿದ" ಅಂದಳು.

ಬದಲಿ

ಬಿಲ್ಡಿಂಗ್ ಕೆಲಸದವರಲ್ಲಿ ಬದಲಿ ಅಂತ ಒಂದಿದೆ. ಒಬ್ಬನಿಗೆ ಮೈ ಸರಿಯಿಲ್ಲದಿದ್ದರೆ ಅವನ ಜಾಗದಲ್ಲಿ ಇನ್ನೊಬ್ಬ ಹೋಗಿ ನಿಲ್ಲುತ್ತಾನೆ. ಕೆಲಸ ನಿಲ್ಲಬಾರದು, ಅಷ್ಟೆ. ಗೌಂಡಿಯ ಗೆಳೆಯ ಬಿದ್ದದ್ದೂ ಹಾಗೆ ಬದಲಿ ಹೋದ ದಿನವೇ. ಗೌಂಡಿ ಜ್ವರ ಬಂದು ಮನೆಯಲ್ಲಿ ಮಲಗಿದ್ದನಂತೆ, ಅವನ ಜಾಗದಲ್ಲಿ ಗೆಳೆಯ ಪರಾಂಚಿ ಹತ್ತಿದ್ದನಂತೆ. ಗಲ್ಲಿಯವರು ಇದನ್ನು ನನಗೆ ಸಹಜವಾಗಿಯೇ ಹೇಳಿದ್ದರು. ಜ್ವರ ಯಾರ ಕೈಯಲ್ಲಿದೆ, ಬೀಳುವುದು ಯಾರ ಕೈಯಲ್ಲಿದೆ ಅನ್ನುವುದು ಅವರ ಮಾತು.

ಒಂದು ಗುರುವಾರ ಗೌಂಡಿಯ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದ. ಪಕ್ಕದ ಮನೆಯ ಪೇಂಟರು. ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

"ಗೌಂಡಿ ಎಲ್ಲಪ್ಪಾ?" ನನಗೆ ಗಾಬರಿ.

"ಮನ್ಯಾಗ ಅದಾನ್ರಿ, ಹೆಂಡ್ತಿ ಬಾಜೂಕ ಕುಂತಾಳ. ಇವತ್ತ ಏಳವಲ್ಲ. ಅದಕ ಅವನ ಬದಲಿ ನಾ ಬಂದೀನ್ರಿ."

"ಇದಕ್ಕೆಲ್ಲ ಬದಲಿ ನಡೆಯೋದಿಲ್ಲ!"

"ಯಾಕ ನಡ್ಯಾಂಗಿಲ್ರಿ? ಅವನ ದುಃಖ ಎಲ್ಲಾ ನಂಗ ಗೊತ್ತೈತಿ. ನೀವು ಕೇಳ್ರಿ, ನಾ ಹೇಳ್ತೀನಿ. ಅಳೂದಿದ್ರ ಅಳ್ತೀನಿ."

ನಾನು ಹಣೆ ಹಣೆ ಚಚ್ಚಿಕೊಂಡೆ. ಆದರೆ ಅವನು ಹೇಳಲು ಶುರು ಮಾಡಿಯೇಬಿಟ್ಟ. ಗೌಂಡಿಯ ದುಃಖ ಎರಡು ಮಾತಿನಲ್ಲಿ ಮುಗಿಯಿತು. ಆಮೇಲೆ ತನ್ನ ತಂಗಿಯ ಮದುವೆ ಮುರಿದದ್ದು, ಅಪ್ಪ ತನ್ನ ಜೊತೆ ಮಾತು ಬಿಟ್ಟದ್ದು, ಅಪ್ಪ ತೀರಿಕೊಂಡಾಗಲೂ ತಾನು ಹೋಗಿ ಮುಖ ತೋರಿಸಲಾಗದೆ ಹೋದದ್ದು, ಒಂದರ ಹಿಂದೆ ಒಂದು ಬಂತು. ಕಣ್ಣೊರೆಸುವ ಕಾಗದ ಖರ್ಚಾಗಿ, ಕಡೆಗೆ ನನ್ನ ಕರ್ಚೀಫನ್ನೇ ಕೊಟ್ಟೆ. ಗಂಟಲು ಸರಿಮಾಡಿಕೊಂಡು ಎದ್ದು ನಿಂತ.

"ಭಾಳ ಹಗುರಾತ್ರಿ ಬಾಯಾರ. ಹೋಗಿ ಗೌಂಡಿಗೆ ಹೇಳ್ತೀನಿ, ನಿಂಗ ಆರಾಮಾತು ಅಂತ."

ನನ್ನ ಸರದಿ

ಮುಂದಿನ ವಾರ ಗೌಂಡಿ ಬಂದ, ಆದರೆ ಉಭ ಶುಭ ಅನ್ನಲಿಲ್ಲ. ಇನ್ನಷ್ಟು ಸೊರಗಿದ್ದ. ಹೆಂಡತಿ ಬಾಗಿಲಲ್ಲಿ ನನ್ನ ಮುಖ ನೋಡುತ್ತಾ ನಿಂತಿದ್ದಳು. ಕೋಣೆ ಎಂದಿನಂತೆ ತುಂಬಿತ್ತು. ಆ ಮೌನ ಆಯಿಗೆ ಸಹಿಸಲಾಗಲಿಲ್ಲ.

"ಅಂವ ಮಾತಾಡೂಮಟ ನೀವಾದ್ರೂ ಹೇಳ್ರಿ. ನಿಮ್ಮ ಯಜಮಾನ್ರು ಏನ್ ಮಾಡ್ತಾರ?"

ನಮ್ಮ ಕಸುಬಿನಲ್ಲಿ ನಮ್ಮ ವಿಷಯ ಹೇಳಿಕೊಳ್ಳಬಾರದು. ಆದರೆ ಆಯಿಯ ಮುಂದೆ ಆ ಕಸುಬು ನಡೆಯುವುದಿಲ್ಲ. "ತೀರಿಹೋದರು" ಅಂದೆ. ಕೋಣೆ ತುಂಬ ಲೊಚಗುಟ್ಟುವ ಸದ್ದು.

"ಮಕ್ಕಳು?"

"ಒಬ್ಬಳು ಮಗಳು, ಪುಣೆಯಲ್ಲಿ."

"ಎಲ್ಲಿರ್ತೀರಿ?"

"ಗೋರೆಗಾಂವ್." ಯಾವ ರಸ್ತೆ, ಯಾವ ಬಿಲ್ಡಿಂಗು, ಎಷ್ಟನೇ ಮಾಳಿಗೆ, ಎಲ್ಲ ಕೇಳಿದಳು. ಎಲ್ಲ ಹೇಳಿದೆ.

"ಮನ್ಯಾಗ ಒಬ್ಬಾಕೀನ? ಯಾರೂ ಇರಂಗಿಲ್ಲ?"

"ಯಾರೂ ಇರೋದಿಲ್ಲ."

ಆಗ ಗೌಂಡಿ ತಲೆಯೆತ್ತಿ ನನ್ನನ್ನು ನೋಡಿದ. ಪಾಪ, ತನ್ನ ಕಷ್ಟದಲ್ಲೂ ನನಗೆ ಮರುಗುತ್ತಿದ್ದಾನಲ್ಲ ಅಂತ ನನ್ನ ಕರುಳು ಚುರ್ ಅಂದಿತು.

ಆಯಿ ಅಷ್ಟರಲ್ಲಿ ಹೆಂಗಸರ ಜೊತೆ ಏನೋ ತೀರ್ಮಾನ ಮಾಡಿ ಮುಗಿಸಿದ್ದಳು. "ನಾಳಿಂದ ಪಾಳಿ ಮ್ಯಾಲ ಒಬ್ಬೊಬ್ಬರು ನಿಮ್ಮನೀಗಿ ಬಂದು ಮಲಗ್ತೀವ್ರಿ. ಹಿಂಗ ಒಬ್ಬಾಕೀನ ಇದ್ರ ನಿಮಗೂ ಇವನಂಗ ಆಕ್ಕೈತಿ."

ಬೇಡ ಅಂತ ಒಪ್ಪಿಸುವಷ್ಟರಲ್ಲಿ ನನ್ನ ಅವತ್ತಿನ ಸೆಷನ್ನು ಮುಗಿದುಹೋಯಿತು. ಆ ವಾರ ಅಲ್ಲಿ ಚಿಕಿತ್ಸೆ ಆದದ್ದು ನನಗೊಬ್ಬಳಿಗೇ.

ಬಿಳೀ ಕುದುರೆ

ಆಮೇಲಿನ ಗುರುವಾರ ನಾನು ಕೋಣೆಯಲ್ಲಿ ಕೂತೇ ಇದ್ದೇನೆ, ಗೌಂಡಿ ಬರಲಿಲ್ಲ. ಬದಲಿ ಬರಲಿಲ್ಲ. ಮಂದಿಯೂ ಬರಲಿಲ್ಲ. ಖಾಲಿ ಕೋಣೆ ಬೇಕು ಅಂತ ಎಷ್ಟು ಹಂಬಲಿಸಿದ್ದೆ, ಈಗ ನಾನೇ ಬಾಗಿಲಿಗೆ ಬಂದು ಗಲ್ಲಿಯ ಉದ್ದಕ್ಕೂ ಯಾರಾದರೂ ಬರುತ್ತಾರೇನೋ ಅಂತ ನೋಡಿದೆ. ಅಷ್ಟರಲ್ಲಿ ಹೆಂಡತಿ ಓಡುತ್ತಾ ಬಂದಳು.

"ಬಾಯಾರ, ಇವ್ರು ನಿಮ್ಮ ಕಡೆ ಬಂದಾರೇನ್ರಿ?"

ಇಲ್ಲ ಅಂತ ತಲೆಯಾಡಿಸಿದೆ.

ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವಳು ಗಂಡನನ್ನು ಆಯಿಗೆ ಒಪ್ಪಿಸಿದ್ದಳು. ಆಯಿ ರೇಷನ್ ಅಂಗಡಿಗೆ ಹೋಗುವಾಗ ಪೇಂಟರಿಗೆ ಒಪ್ಪಿಸಿದ್ದಳು. ಪೇಂಟರು ಸ್ನಾನ ಮುಗಿಸಿ ಬಂದಾಗ ಗೌಂಡಿ ಇರಲಿಲ್ಲ. ಗುರುವಾರ ಅಲ್ಲವೆ, ಬಾಯಾರ ಹತ್ತಿರ ಹೋಗಿರಬೇಕು ಅಂದುಕೊಂಡ. ಗೌಂಡಿಯ ಫೋನು ಮನೆಯ ಗೂಡಿನಲ್ಲೇ ಇತ್ತು.

ಗಲ್ಲಿ ಎದ್ದಿತು. ಕೆಲವರು ಅವನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಓಡಿದರು, ಕೆಲವರು ಮಾರ್ಕೆಟ್ಟಿಗೆ. ಪೇಂಟರು ಮಾತಾಡದೆ ಸ್ಟೇಷನ್ನಿನ ಕಡೆ ಓಡಿದ. ಯಾಕೆ ಆ ಕಡೆ ಅಂತ ಯಾರೂ ಕೇಳಲಿಲ್ಲ. ದೂರದಲ್ಲಿ ಒಂದು ಫಾಸ್ಟ್ ಲೋಕಲ್ ರೈಲು ಹಾರ್ನ್ ಹೊಡೆದುಕೊಂಡು ಹೋಯಿತು. ಹೆಂಡತಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಧೈರ್ಯ ಹೇಳಬೇಕಾದವಳು ನಾನೇ ಕಣ್ಣು ಮುಚ್ಚಿಕೊಂಡೆ. ದೇವರೇ, ಇವನನ್ನೊಬ್ಬನನ್ನು ಉಳಿಸಿಕೊಡು ಅಂತ ಬೇಡಿಕೊಂಡೆ.

ಅದೇ ಹೊತ್ತಿಗೆ ನನ್ನ ಫೋನು. ನಮ್ಮ ಬಿಲ್ಡಿಂಗಿನ ವಾಚ್‌ಮನ್. ಅವನು ಫೋನ್ ಮಾಡುವುದು ನೀರು ನಿಂತರೆ, ಇಲ್ಲ ಪಾರ್ಸೆಲ್ ಬಂದರೆ. ಕಟ್ ಮಾಡಿದೆ. ಮತ್ತೆ ಮಾಡಿದ. ಮತ್ತೆ ಕಟ್ ಮಾಡಿದೆ. ಬಿಡಲೊಲ್ಲ. ಕಡೆಗೆ ಎತ್ತಿ, ಹಿಂದಿಯಲ್ಲಿ, "ಪಾರ್ಸೆಲ್ ಬಂದರೆ ಅಲ್ಲೇ ಇಟ್ಟುಕೊಳ್ಳಯ್ಯಾ!" ಅಂತ ಕಿರುಚಿದೆ.

"ಇಟ್ಟುಕೊಂಡೇ ಇದ್ದೀನಿ ಮೇಡಂ" ಅಂದ ಅವನು. "ಆದರೆ ನಿಮ್ಮ ಮನೆ ಕೇಳಿಕೊಂಡು ಬಂದ ಈ ಪಾರ್ಸೆಲ್ ಸುಮ್ಮನೆ ಇರ್ತಾ ಇಲ್ಲ. ಬಂದಾಗಿನಿಂದ ಮಾತಾಡ್ತಾನೇ ಇದೆ."

ರಿಕ್ಷಾದಲ್ಲಿ ನಾನೂ ಗೌಂಡಿಯ ಹೆಂಡತಿಯೂ ಗೋರೆಗಾಂವ್ ಮುಟ್ಟಿದೆವು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಕೇಳುತ್ತಿದ್ದಳು, "ಮಾತಾಡಾಕತ್ತಾರಂತೇನ್ರಿ? ಖರೇನ ಮಾತಾಡಾಕತ್ತಾರಂತೇನ್ರಿ?"

ಗೇಟಿನ ಹತ್ತಿರ ವಾಚ್‌ಮನ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೌಂಡಿ ಕೂತಿದ್ದ. ವಾಚ್‌ಮನ್ ಎದುರಿಗೆ ಮೆಟ್ಟಿಲ ಮೇಲೆ ಕೂತಿದ್ದ, ಬಿಹಾರದ ಕಡೆಯವನು. ಗೌಂಡಿ ತನ್ನ ಊರ ಕನ್ನಡದಲ್ಲಿ ಕೈ ಬೀಸಿ ಬೀಸಿ ಹೇಳುತ್ತಿದ್ದ. ವಾಚ್‌ಮನ್ ಒಂದೊಂದು ಮಾತಿಗೂ "ಹಾಂ ಭೈಯ್ಯಾ, ಹಾಂ ಭೈಯ್ಯಾ" ಅನ್ನುತ್ತಿದ್ದ. ಹೆಂಡತಿ ಅಲ್ಲೇ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ವಾಚ್‌ಮನ್‌ನನ್ನು ಪಕ್ಕಕ್ಕೆ ಕರೆದೆ. "ಏನು ಹೇಳಿದ?"

"ಒಂದಕ್ಷರ ತಿಳಿಯಲಿಲ್ಲ ಮೇಡಂ. ಅವನು ಅತ್ತಾಗ ನಾನೂ ಒಂದು ಸಲ ಅತ್ತೆ."

ಗೌಂಡಿಯನ್ನು ಕೇಳಿದೆ, ಇಲ್ಲಿಗೆ ಯಾಕೆ ಬಂದೆಯಪ್ಪಾ ಅಂತ. ಅವನ ದನಿ ನಾನು ಕೇಳಿದ್ದು ಅದೇ ಮೊದಲು. ದಪ್ಪನೆಯ, ಒಳ್ಳೆಯ ದನಿ.

"ನಿಮ್ಮ ಮನ್ಯಾಗ ಯಾರೂ ಇರಂಗಿಲ್ಲ ಅಂದ್ರಲ್ರಿ ಬಾಯಾರ. ಇಲ್ಲಾದ್ರ ಹೇಳಬಹುದು ಅಂತ ಬಂದ್ನಿ. ಬಂದ್ರ ನೀವೂ ಇಲ್ಲ. ವಾರ ಯಾವುದಂತ ನೆನಪ ಇರಲಿಲ್ರಿ ನಂಗ. ಈ ಭೈಯ್ಯಾಗ ಕನ್ನಡ ಬರಂಗಿಲ್ಲ ಅಂತ ಗೊತ್ತಾತು ನೋಡ್ರಿ, ಬಾಯಿ ನಿಲ್ಲಲೇ ಇಲ್ಲ."

ಇಷ್ಟು ವರ್ಷ ಓದಿ, ತರಬೇತಿ ಪಡೆದು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿದವಳು ನಾನು! ಆದರೂ ಆ ಗಳಿಗೆಯಲ್ಲಿ ಆ ವಾಚ್‌ಮನ್‌ನ ಕಾಲಿಗೆ ಬೀಳೋಣ ಅನ್ನಿಸಿತು.

"ಹೆಂಡತಿಯನ್ನ ಮೇಲೆ ಕಳಿಸಲಾ?" ಅಂದೆ. ಬೇಡ, ಕೇಳಲಿ ಅಂದ. ನೆಲ ನೋಡುತ್ತಾ ಹೇಳಿದ.

"ಅವತ್ತ ನಂಗ ಜ್ವರ ಇರಲಿಲ್ರಿ. ಇಲ್ಲೇ ಫಿಲ್ಮ್ ಸಿಟಿಯಾಗ ಶೂಟಿಂಗ್ ಐತಿ, ಗುಂಪಿನ್ಯಾಗ ನಿಂದರಾಕ ಮಂದಿ ಬೇಕು, ಹೀರೋ ಬರ್ತಾನ ಅಂತ ಯಾರೋ ಅಂದ್ರು. ಜ್ವರ ಅಂತ ಸುಳ್ಳ ಹೇಳಿ ಅವನ್ನ ಬದಲಿ ಕಳಿಸಿದ್ನಿ. ಅಂವ ಬೀಳೂವಾಗ ನಾ ಶೂಟಿಂಗ್ ನೋಡಾಕತ್ತಿದ್ನಿ."

ಹೆಂಡತಿ ಬಾಯಿಗೆ ಒತ್ತಿಕೊಂಡಿದ್ದ ಸೆರಗು ತೆಗೆದಳು.

"ಹಂಗಾರ ನಾ ಕಾಸಿಟ್ಟಿದ್ದ ಗಂಜಿ?" ಅಂದಳು.

"ನಾಯಿಗಿ ಹಾಕಿದ್ನಿ."

"ಉಪ್ಪಿನಕಾಯೀನೂ?"

"ಅದೂ."

ಅವನ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಅದೇ ಬೆನ್ನಿಗೆ ಮುಖ ಒತ್ತಿ ಗೊಳೋ ಅಂತ ಅತ್ತಳು.

ಆದರೆ ಅವನ ಮುಖದ ಮೋಡ ಪೂರ್ತಿ ಸರಿಯಲಿಲ್ಲ. "ಅವಂಗ ಹೇಳದ ನಾ ಬದುಕಾಂಗಿಲ್ರಿ. ಹೇಳಿದ್ರ ಅಂವ ನನ್ನ ಮಾರಿ ನೋಡಾಂಗಿಲ್ಲ" ಅಂದ. ಗೆಳೆಯ ಊರಿಂದ ಎಷ್ಟೋ ಸಲ ಫೋನ್ ಮಾಡಿದ್ದನಂತೆ, ಇವನು ಎತ್ತಿರಲೇ ಇಲ್ಲ. ನಾನು ಏನೂ ಬುದ್ಧಿ ಹೇಳಲಿಲ್ಲ. "ನಾನು ಪಕ್ಕದಲ್ಲೇ ಕೂತಿರ್ತೀನಿ" ಅಂದೆ. ಹೆಂಡತಿ ತನ್ನ ಫೋನಿನಲ್ಲಿ ನಂಬರು ಒತ್ತಿ, ಸ್ಪೀಕರ್ ಹಾಕಿ, ಅವನ ಕೈಗೆ ಕೊಟ್ಟಳು.

ಗೆಳೆಯ ಎತ್ತಿದ. ಇವನು ಪೀಠಿಕೆ ಇಲ್ಲದೆ ಎಲ್ಲವನ್ನೂ ಹೇಳಿ ಮುಗಿಸಿದ. ಆ ಕಡೆಯಿಂದ ಒಂದು ಕೋಳಿ ಕೂಗುವುದಷ್ಟೇ ಕೇಳುತ್ತಿತ್ತು. ಮುಗಿಯಿತು, ಅವನು ಫೋನ್ ಇಟ್ಟರೆ ಇವನು ಉಳಿಯುವುದಿಲ್ಲ ಅಂದುಕೊಂಡೆ.

"ನನ್ನೂ ಯಾಕ ಕರಕೊಂಡ ಹೋಗಲಿಲ್ಲಲೇ?" ಅಂದ ಗೆಳೆಯ.

ಗೌಂಡಿ ಮುಖ ಮುಚ್ಚಿಕೊಂಡ. ಆ ಮಾತಿಗೆ ನನಗೂ ಕಣ್ಣು ತುಂಬಿತು. ಹೋಗಿದ್ದರೆ ಇಬ್ಬರೂ ನೆಲದ ಮೇಲಿರುತ್ತಿದ್ದರು.

"ಅಳಬ್ಯಾಡಲೇ. ಡಾಕ್ಟರು ನಡೀತಿ ಅಂದಾರ. ಹೀರೋ ಯಾರಿದ್ದ, ಅದನ್ನ ಹೇಳು."

"ಹೀರೋ ಬರಲಿಲ್ಲಪಾ" ಅಂದ ಗೌಂಡಿ, ಮೂಗೊರೆಸಿಕೊಳ್ಳುತ್ತಾ.

"ಹೀರೋಯಿನ್?"

"ಆಕೀನೂ ಬರಲಿಲ್ಲ. ಬಿಸಲಾಗ ನಿಂದರಿಸಿ, ಆಮ್ಯಾಲ ನೀವು ಬ್ಯಾಡ ಅಂತ ಕಳಿಸಿದ್ರು."

"ಮತ್ತ ಏನ್ ನೋಡಿದಿ ನೀ?"

"ಒಂದು ಕುದುರಿ ನೋಡಿದ್ನಿ."

"ಕುದುರಿ?"

"ಹೂಂ. ಬಿಳೇದು."

ಗೆಳೆಯ ಈಗ ನಿಜವಾಗಿ ಸಿಟ್ಟಿಗೆದ್ದ. "ಲೇ ಮಗನ! ಹೀರೋ ಆಗಿದ್ರ ಊರ ಮಂದಿಗಿ ಹೇಳಾಕರ ಬರ್ತಿತ್ತು. ಎರಡೂ ಕಾಲು ಯಾಕ ಮುರದಾವೋ ಅಂತ ಕೇಳಿದವರಿಗೆ ಇನ್ನ ನಾ ಏನ್ ಹೇಳ್ಲಿ, ಕುದುರಿ ಸಲುವಾಗಿ ಅಂತ ಹೇಳ್ಲೇನು?"

ಗೌಂಡಿಯ ಗಂಟಲಿನಿಂದ ಒಂದು ವಿಚಿತ್ರ ಸದ್ದು ಬಂತು. ಅಳು ಅಂದುಕೊಂಡೆ. ಅಲ್ಲ, ನಗು! ಹೆಂಡತಿ ನಕ್ಕಳು, ನಾನು ನಕ್ಕೆ. ಏನೂ ತಿಳಿಯದ ವಾಚ್‌ಮನ್ ಎಲ್ಲರಿಗಿಂತ ಜೋರಾಗಿ ನಕ್ಕ.

"ನಗಬ್ಯಾಡ" ಅಂತ ಫೋನು ಗುಡುಗಿತು. "ನಾಳೆ ಗಾಡಿ ಹತ್ತಿ ಊರಿಗಿ ಬಾ. ನಿನ್ನ ಹೆಗಲ ಮ್ಯಾಲ ನನ್ನ ಕುಂದರಿಸಿಕೊಂಡು ಊರೆಲ್ಲಾ ತಿರುಗಸು. ನಾ ನಡ್ಯೂಮಟ ನೀನ ನನ್ನ ಕುದುರಿ."

ಗೌಂಡಿ ಅಂಗಿ ತೋಳಿನಿಂದ ಕಣ್ಣೊರೆಸಿಕೊಂಡ. ಒಂದು ಗಳಿಗೆ ಯೋಚನೆ ಮಾಡಿದ.

"ಬರ್ತೀನಿ. ಬಿಳೇ ಅಂಗಿ ಹಾಕ್ಕೊಂಡು ಬರ್ಲೇನು?"